ಕ್ಲಚ್ ಮೇಷ್ಟ್ರ ಸ್ಟೇರಿಂಗ್ ಲಾಕ್ ಆದ ದಿನ

ನಮ್ಮೂರಲ್ಲಿ ಕಾರು ಓಡಿಸುವ ಅರ್ಧ ಜನ ಕ್ಲಚ್ ಮೇಷ್ಟ್ರ ಶಿಷ್ಯರು. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಕೂತು "ಕ್ಲಚ್ ಬಿಡ್ರೀ, ನಿಧಾನ, ನಿಧಾನ!" ಎಂದು ಗಂಟಲು ಹರಿದುಕೊಂಡೇ ಆ ಹೆಸರು ಸಂಪಾದಿಸಿದ್ದರು. ತೊಂದರೆ ಏನೆಂದರೆ, ಕಾರಿನಿಂದ ಇಳಿದ ಮೇಲೂ ಪಾಠ ನಿಲ್ಲುತ್ತಿರಲಿಲ್ಲ. ಹೆಂಡತಿ ಹಾಲು ಬಗ್ಗಿಸಿದರೆ "ನಿಧಾನ", ಮೆಟ್ಟಿಲಿಳಿದರೆ "ಹಿಂದೆ ನೋಡ್ಕೋ". ಆಕೆ ಹೊಲಿಗೆ ಅಂಗಡಿ ನಡೆಸುವವಳು. ಒಂದು ಭಾನುವಾರ ಬೆಳಿಗ್ಗೆ, ಮಿಷಿನ್ ತುಳಿಯುತ್ತಿದ್ದವಳ ಬೆನ್ನ ಹಿಂದೆ ನಿಂತು ಈ ಮಹಾರಾಯರು, "ಪೆಡಲ್ ಮೇಲೆ ಅಷ್ಟು ಭಾರ ಹಾಕ್ಬಾರ್ದು" ಎಂದುಬಿಟ್ಟರು. ಅಲ್ಲಿಂದ ಮಾತು ಬಂದ್.

ಮಧ್ಯಾಹ್ನ ಆಕೆಯ ಅಕ್ಕನ ಮನೆಗೆ ಊಟಕ್ಕೆ ಹೊರಟಾಗಲೂ ಆಕೆ ತುಟಿ ಬಿಚ್ಚಲಿಲ್ಲ. ದಾರಿಯಲ್ಲಿ ಮೇಷ್ಟ್ರು ಬೇಕರಿ ಮುಂದೆ ನಿಲ್ಲಿಸಿದರು. ಇಳಿಜಾರು ರಸ್ತೆ, ಶಿಷ್ಯರಿಗೆ ಹೇಳಿಕೊಡುವಂತೆಯೇ ಮುಂಚಕ್ರವನ್ನು ಫುಟ್‌ಪಾತಿನ ಅಂಚಿಗೆ ಒತ್ತಿಸಿ, ಕೀ ತೆಗೆದುಕೊಂಡು ಇಳಿದರು.

ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದು ಕೂತರೆ ಕೀ ತಿರುಗಲೊಲ್ಲದು. ಸ್ಟೇರಿಂಗ್ ಲಾಕ್ ಆಗಿ ಕೂತಿತ್ತು, ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಒಂದು ಕೈಯಲ್ಲಿ ಅದನ್ನು ಜಗ್ಗಿ, ಇನ್ನೊಂದರಲ್ಲಿ ಕೀ ತಿರುಚಿದರು. ಚಕ್ರ ಕಲ್ಲಿಗೆ ಅಮರಿಕೊಂಡಿತ್ತು, ಒಂದು ಕೈಯ ಬಲ ಸಾಲದು. ಅಂಗಿ ಬೆನ್ನಿಗೆ ಅಂಟಿತು.

ಬೇಕರಿಯಿಂದ ಹೊರಬಂದ ಔಷಧಿ ಅಂಗಡಿಯವನು ಹಳೆಯ ಶಿಷ್ಯ. ಕಿಟಕಿಗೆ ಬಗ್ಗಿ, "ಹೆದರ್ಬೇಡಿ ಮೇಷ್ಟ್ರೇ, ಗಾಡಿ ನಮ್ಮ ಮಾತು ಕೇಳುತ್ತೆ" ಎಂದ. ಅದು ಮೇಷ್ಟ್ರದೇ ಮಾತು.

ಅವನ ಹಿಂದೆ ಬಂದ ಬ್ಯಾಂಕಿನ ಮೇಡಮ್ ಕೂಡ ಶಿಷ್ಯೆಯೇ. "ಮೊದಲು ಉಸಿರು ಬಿಡಿ ಸಾರ್. ಭುಜ ಸಡಿಲ ಮಾಡಿ."

"ಬಿಟ್ಟಿದ್ದೀನಮ್ಮಾ!" ಎಂದು ಮೇಷ್ಟ್ರು ಗುಡುಗಿ, ಕೀಯನ್ನು ಇನ್ನಷ್ಟು ತಿರುಚಿದರು. ಗುರುವಿಗೇ ತಿರುಮಂತ್ರ! ಹೆಂಡತಿ ಮುಖ ಆಚೆ ತಿರುಗಿಸಿಕೊಂಡಳು. ಭುಜ ಮಾತ್ರ ಕುಲುಕುತ್ತಿತ್ತು.

ಕೀ ಬಾಗುವ ಹಾಗೆ ಕಂಡಾಗ ಆಕೆಗೆ ತಡೆಯಲಾಗಲಿಲ್ಲ.

"ಮುರಿದೀರಿ! ಸಿಕ್ಕಿಕೊಂಡ ಜಿಪ್ಪನ್ನ ಹಿಂಗೆ ಎಳೆದ್ರೆ ಹಲ್ಲೇ ಕಿತ್ತು ಬರುತ್ತೆ." ಇಳಿದು ಸುತ್ತಿಬಂದು ಅವರ ಕಿಟಕಿ ಪಕ್ಕ ನಿಂತಳು. "ನೀವು ಎರಡೂ ಕೈಯಲ್ಲಿ ಸ್ಟೇರಿಂಗ್ ಎಳೀರಿ. ಕೀ ನಾನು ನೋಡ್ಕೋತೀನಿ."

"ಸರಿ, ಆದ್ರೆ ನಿಧಾನ..."

"ಇನ್ನೊಂದು ಸಲ ನಿಧಾನ ಅಂದ್ರೆ ಆಟೋ ಹತ್ತಿ ಹೋಗ್ತೀನಿ."

ಮೇಷ್ಟ್ರು ಹಲ್ಲು ಕಚ್ಚಿ ಎಳೆದರು. ಒಂದು ಕಡೆಗೆ ಕಲ್ಲು. ಇನ್ನೊಂದು ಕಡೆಗೆ ಕೂದಲೆಳೆಯಷ್ಟು ಸಡಿಲ ಸಿಕ್ಕಿತು. ಅದನ್ನು ಬಿಡದೆ ಹಿಡಿದರು. ಆಕೆ ಕೈ ತೂರಿಸಿ ಕೀಯನ್ನು ಮೆಲ್ಲಗೆ ಅಲುಗಿಸಿ ತಿರುಗಿಸಿದಳು. ಟಕ್ ಎಂದಿತು. ಎಂಜಿನ್ ಶುರುವಾಯಿತು, ಶಿಷ್ಯರು ಚಪ್ಪಾಳೆ ಹೊಡೆದರು.

ಸ್ವಲ್ಪ ದೂರ ಹೋದ ಮೇಲೆ ಮೇಷ್ಟ್ರೇ ಕೇಳಿದರು: "ನೀನ್ಯಾಕೆ ಇಷ್ಟು ದಿನ ಕಾರು ಕಲೀಲಿಲ್ಲ?"

"ಕಲಿಸೋರು ಬಾಯಿ ಮುಚ್ಚಿಕೊಂಡು ಕಲಿಸಿದ್ರೆ ನಾಳೆಯಿಂದಲೇ ಕಲೀತೀನಿ."

ಮೇಷ್ಟ್ರು ಒಪ್ಪಿದರು. ಈಗ ದಿನಾ ಬೆಳಿಗ್ಗೆ ಆಟದ ಮೈದಾನದಲ್ಲಿ ಆ ಕಾರು ಕಪ್ಪೆಯಂತೆ ಕುಪ್ಪಳಿಸುತ್ತದೆ. ಪಕ್ಕದ ಸೀಟಿನಲ್ಲಿ ಮೇಷ್ಟ್ರು ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ಕಣ್ಣು ಬಿಟ್ಟುಕೊಂಡು, ತುಟಿ ಪಿಟಕ್ಕೆನ್ನದೆ ಕೂತಿರುತ್ತಾರೆ.