ಆರೋಗ್ಯಣ್ಣನ ಶೆಡ್ಡಿಗೆ ಸೋಲಾರ್

ಆರೋಗ್ಯಣ್ಣ ಮೋಟಾರಿನ ಸದ್ದು ಕೇಳುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ತಿರುಗುತ್ತಿರುವ ಮೋಟಾರಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಡಾಕ್ಟರು ಎದೆ ಪರೀಕ್ಷೆ ಮಾಡುವ ಹಾಗೆ ಒಂದು ನಿಮಿಷ ಅಲುಗಾಡದೆ ನಿಲ್ಲುತ್ತಿದ್ದರು. ಆಮೇಲೆ ಕಣ್ಣು ತೆರೆದು ತೀರ್ಪು ಹೇಳುತ್ತಿದ್ದರು. “ಬೇರಿಂಗ್ ಹೋಗಿದೆ ಸಾರ್. ವೈಂಡಿಂಗ್ ಚೆನ್ನಾಗೇ ಇದೆ. ಯಾರೋ ನಿಮ್ಗೆ ಸುಳ್ಳು ಹೇಳವ್ರೆ.” ನನ್ನ ಮಿಕ್ಸಿಯ ಬಗ್ಗೆ ಅವರು ಆಡಿದ ಮೊದಲ ಮಾತು ಅದು. ಸುಳ್ಳು ಹೇಳಿದವನು ನಾನೇ ಎಂದು ಒಪ್ಪಿಕೊಳ್ಳಲು ನಾಚಿಕೆಯಾಯಿತು. ವೈಂಡಿಂಗ್ ಸುಟ್ಟಿದೆ ಎಂದು ಗೊತ್ತಿದ್ದವನ ಹಾಗೆ ಹೇಳಿದ್ದು ನಾನೇ.

ಮರ್ಫಿ ಟೌನ್‌ನಲ್ಲಿ ಅವರ ಮೋಟಾರು ರಿಪೇರಿ ಶೆಡ್ಡಿನ ಎದುರು ಮನೆಯ ಮಹಡಿಯಲ್ಲಿ ಆಗ ನನ್ನ ಬಾಡಿಗೆ ಕೋಣೆ. ದಾವಣಗೆರೆಯಿಂದ ಬಂದು ನಾಲ್ಕು ವರ್ಷವಾಗಿತ್ತು. ಇಂದಿರಾನಗರದ ಸೋಲಾರ್ ಕಂಪನಿಯೊಂದರಲ್ಲಿ ವಾರವಿಡೀ ಕಂಡವರ ಮನೆಯ ತಾರಸಿಗಳ ಲೆಕ್ಕ ಹಾಕುತ್ತಿದ್ದೆ. ಭಾನುವಾರ ಬಂತೆಂದರೆ ಮಾತಾಡಲು ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಮಿಕ್ಸಿ ಸರಿಹೋದ ಮೇಲೂ ಏನಾದರೊಂದು ನೆಪ ಹಿಡಿದು ಶೆಡ್ಡಿಗೆ ಇಳಿಯುತ್ತಿದ್ದೆ. “ಫ್ಯಾನ್ ಕೆಟ್ಟಿಲ್ಲ ಅಂತ ನಂಗೂ ಗೊತ್ತು ಸಾರ್, ಕೂತ್ಕೊಳ್ಳಿ,” ಎಂದು ಸ್ಟೂಲು ತಳ್ಳುತ್ತಿದ್ದರು. ಅವರೂ ಒಂಟಿ. ಮದುವೆಯಾಗಿರಲಿಲ್ಲ. ಶೆಡ್ಡಿನ ಹಿಂದಿನ ಕೋಣೆಯಲ್ಲಿ ಒಬ್ಬರೇ ಅಡುಗೆ ಮಾಡಿಕೊಂಡು ಉಣ್ಣುತ್ತಿದ್ದರು.

ಶೆಡ್ಡಿಗೂ ಪಕ್ಕದ ಮಹಡಿ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಮನೆಯಲ್ಲಿ ಅವರ ಸ್ವಂತ ಅಣ್ಣ ಚಿನ್ನಪ್ಪನವರು ಇದ್ದರು. ತಾಯಿಯನ್ನು ಕೊನೆಗಾಲದಲ್ಲಿ ಯಾವ ಆಸ್ಪತ್ರೆಗೆ ಸೇರಿಸಬೇಕು ಎಂಬ ವಿಷಯಕ್ಕೆ ಜಗಳವಾಗಿ ಇಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಎದುರಿಗೆ ಸಿಕ್ಕರೆ ಒಬ್ಬರು ರಸ್ತೆಯ ಆ ಬದಿ ಹಿಡಿಯುತ್ತಿದ್ದರು. ಆದರೆ ಮನೆಗೂ ಶೆಡ್ಡಿಗೂ ಮೀಟರು ಒಂದೇ, ಅದು ಅಣ್ಣನ ಕಡೆ ಇತ್ತು. ಶೆಡ್ಡಿನಲ್ಲಿ ಕಬ್ಬಿಣ ಕಡೆಯುವ ಲೇತ್ ಓಡುತ್ತಿರುವಾಗ ಮರೆತು ಸಾಣೆ ಹಿಡಿಯುವ ಗ್ರೈಂಡರ್ ಹಾಕಿದರೆ ಅಲ್ಲಿ, ಮೀಟರಿನ ಬಳಿ, ಕರೆಂಟು ಟ್ರಿಪ್ ಆಗುತ್ತಿತ್ತು. ಆಗ ಆರೋಗ್ಯಣ್ಣ ಸ್ಪಾನರಿನಿಂದ ಗೋಡೆಯನ್ನು ಎರಡು ಸಲ ತಟ್ಟುತ್ತಿದ್ದರು. ಆಚೆಯಿಂದ ಒಂದು ದಪ್ಪ ದನಿ ಬರುತ್ತಿತ್ತು: “ಏನ್ಡಾ, ತಿರ್ಗಾ ಗ್ರೈಂಡರಾ?” ಇವರು ತಮ್ಮ ಮನೆಮಾತು ತಮಿಳಿನಲ್ಲೇ “ಆಮಾ”, ಹೌದು, ಎನ್ನುತ್ತಿದ್ದರು. ಸ್ವಿಚ್ಚು ಮೇಲೇಳುತ್ತಿತ್ತು. ಹನ್ನೊಂದು ವರ್ಷ ಅಣ್ಣತಮ್ಮಂದಿರ ನಡುವೆ ಉಳಿದಿದ್ದ ಮಾತು ಅಷ್ಟೇ.

ಮೂವತ್ತು ವರ್ಷ ಮೋಟಾರು ಕಟ್ಟಿದ ಮನುಷ್ಯ ದಿನಕ್ಕೆರಡು ಸಲ ಗ್ರೈಂಡರಿನ ವಿಷಯ ಮರೆಯುವುದು ಹೇಗೆ ಎಂದು ನನಗೆ ಆಗ ಹೊಳೆಯಲಿಲ್ಲ. ನನ್ನ ಬುದ್ಧಿ ವ್ಯಾಟ್ ಲೆಕ್ಕದಾಚೆ ಹೋಗುತ್ತಿರಲಿಲ್ಲ.

ಒಂದು ಭಾನುವಾರ ನಾನು ಅಲ್ಲೇ ಕೂತಿದ್ದಾಗ ಮೂರನೆಯ ಸಲ ಟ್ರಿಪ್ ಆಯಿತು. ಚಿನ್ನಪ್ಪನವರಿಗೆ ಅಂದು ಯಾವ ಬೇಸರವಿತ್ತೋ, ಗೋಡೆಯಾಚೆಯಿಂದ ಕಿರುಚಿದರು. “ನಮ್ ವೈರ್ ಇಲ್ದಿದ್ರೆ ನಿನ್ ಶೆಡ್ಡೇ ಕತ್ಲೆ, ತಿಳ್ಕೋ!” ಆರೋಗ್ಯಣ್ಣನ ಮುಖ ಸಪ್ಪಗಾಯಿತು. ಬೇಗನೆ ಸುಧಾರಿಸಿಕೊಂಡು ನನ್ನ ಕಡೆ ತಿರುಗಿದರು.

“ಸಾರ್, ನಿಮ್ ಸೋಲಾರ್‌ನಲ್ಲಿ ಲೇತ್ ಓಡುತ್ತಾ?”

“ಓಡುತ್ತೆ ಅಣ್ಣ. ಆದ್ರೆ ನೀವು ಬೇರೆ ಮೀಟರೇ ಹಾಕಿಸ್ಕೊಬೋದಲ್ಲ?”

“ಜಾಗದ ಪತ್ರ ಇಬ್ರ ಹೆಸ್ರಲ್ಲಿದೆ. ಅವ್ನ ಸೈನ್ ಬೇಕು. ಕೇಳಲ್ಲ ನಾನು. ಆ ಕಡೆಯಿಂದ ಒಂದು ವೈರೂ ಬರ್ಬಾರ್ದು, ಹಂಗೆ ಪ್ಲಾನ್ ಮಾಡಿ.”

ನನಗೆ ಖುಷಿಯಾಯಿತು. ಬೇರೆಯವರ ತಾರಸಿ ಬಿಟ್ಟು, ಗುರುತಿನವರೊಬ್ಬರಿಗೆ ಲೆಕ್ಕ ಹಾಕುವ ಅವಕಾಶ ಅದೇ ಮೊದಲು. ಲೇತ್, ಡ್ರಿಲ್, ಗ್ರೈಂಡರ್, ವಾರ್ನಿಷ್ ಒಣಗಿಸುವ ಬಲ್ಬುಗಳು, ಫ್ಯಾನು, ಎಲ್ಲದಕ್ಕೂ ಎಷ್ಟು ವ್ಯಾಟ್, ದಿನಕ್ಕೆ ಎಷ್ಟು ಗಂಟೆ ಎಂದು ಬರೆದುಕೊಂಡು ಹೋಗಿ ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿ ನಕ್ಕರು. “ಓಡೋವಾಗ ತಿನ್ನೋದನ್ನ ಬರ್ದಿದ್ದೀರಾ. ಮೋಟಾರ್ ಎದ್ದೇಳೋವಾಗ ಎಷ್ಟು ತಿನ್ನುತ್ತೆ, ಬರ್ದೇ ಇಲ್ಲ. ಎದ್ದೇಳೋದೇ ಕಷ್ಟ ಸಾರ್, ಎದ್ಮೇಲೆ ಎಲ್ರೂ ಓಡ್ತಾರೆ.” ಅವರು ಹೇಳಿದ್ದು ಸರಿ. ನನ್ನ ಮೊದಲ ಲೆಕ್ಕದ ಇನ್ವರ್ಟರ್ ತಂದಿದ್ದರೆ ಲೇತ್ ಒಂದು ಸುತ್ತೂ ತಿರುಗುತ್ತಿರಲಿಲ್ಲ. ಅದರ ಎರಡರಷ್ಟು ದೊಡ್ಡದು ಬರೆದೆ.

ನೆರಳಿನದು ಇನ್ನೊಂದು ತಾಪತ್ರಯ. ಶೆಡ್ಡಿನ ಶೀಟಿನ ಮೇಲೆ ಎರಡು ಗಂಟೆಯಾದ ಮೇಲೆ ಚಿನ್ನಪ್ಪನವರ ಮಹಡಿಯ ಕಪ್ಪು ನೀರಿನ ಟ್ಯಾಂಕಿನ ನೆರಳು ಬೀಳುತ್ತಿತ್ತು. ಒಂದು ಪ್ಯಾನೆಲ್ಲಿಗೆ ನೆರಳಾದರೆ ಇಡೀ ಸಾಲೇ ಸೊರಗುತ್ತದೆ. ಎರಡು ಭಾನುವಾರ ನಾವಿಬ್ಬರೂ ಏಣಿ ಹತ್ತಿ, ಗಂಟೆಗೊಮ್ಮೆ ನೆರಳಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದೆವು. “ಟ್ಯಾಂಕ್ ಸ್ವಲ್ಪ ಸರಿಸೋಕೆ ನಾನೇ ಹೋಗಿ ಕೇಳ್ಲಾ?” ಎಂದೆ. “ಬೇಡ,” ಎಂದರು ಗಟ್ಟಿಯಾಗಿ. ಮೂರನೆಯ ಭಾನುವಾರ ಏಣಿ ಹತ್ತಿ ನೋಡಿದರೆ ಟ್ಯಾಂಕು ಮಹಡಿಯ ಆ ಮೂಲೆಗೆ ಹೋಗಿತ್ತು. ಪೈಪುಗಳಿಗೆಲ್ಲ ಹೊಸ ಜೋಡಣೆ. ಗೋಡೆಯಾಚೆ ಕಿವಿ ಇದ್ದದ್ದು ಖಂಡಿತ. ಆರೋಗ್ಯಣ್ಣ ಶೀಟಿನ ಮೇಲಿನ ಸೀಮೆಸುಣ್ಣದ ಗೆರೆಗಳನ್ನು ಅಂಗೈಯಿಂದ ಒರೆಸಿದರು. “ಸೋರ್ತಾ ಇತ್ತೇನೋ,” ಎಂದು ಕೆಳಗಿಳಿದರು.

ಬ್ಯಾಟರಿ ಎಷ್ಟು ಬೇಕು ಎಂಬುದನ್ನು ತೀರ್ಮಾನಿಸಿದವನು ನಾನು. ಬಿಸಿಲೇ ಕಾಣದ ಎರಡು ದಿನಕ್ಕೆ ಆಗುವಷ್ಟು ಸಾಕು ಎಂದು ಅವರು ಹೇಳಿದರು. ಬೆಂಗಳೂರಿನ ಜುಲೈ ತಿಂಗಳನ್ನು ನಂಬಬಾರದು ಎಂದು ಹಟ ಹಿಡಿದು ನಾನು ಮೂರು ದಿನಕ್ಕೆ ಮಾಡಿಸಿದೆ. ಎಲ್ಲ ಕೂಡಿಸಿದ ದಿನ ಅವರೇ ಕಟಿಂಗ್ ಪ್ಲೇಯರ್ ಹಿಡಿದು ಗೋಡೆಯ ತೂತಿನಿಂದ ಬರುತ್ತಿದ್ದ ಹಳೆಯ ವೈರನ್ನು ಕತ್ತರಿಸಿ, ತೂತಿಗೆ ಸಿಮೆಂಟು ಮೆತ್ತಿದರು. ಲೇತೂ ಗ್ರೈಂಡರೂ ಒಟ್ಟಿಗೆ ಓಡಿದವು. ನಾನು ಕೈ ಕುಲುಕಿದೆ. ನನ್ನ ಕೆಲಸದ ಬಗ್ಗೆ ಅಷ್ಟು ಹೆಮ್ಮೆ ಆವರೆಗೆ ಎಂದೂ ಪಟ್ಟಿರಲಿಲ್ಲ.

ಆಮೇಲೆ ಶೆಡ್ಡು ತುಂಬ ಮೌನವಾಯಿತು. ಕೆಲಸ ನಡೆದೇ ಇತ್ತು. ಆದರೆ ಗ್ರೈಂಡರ್ ಹಾಕಿದಾಗಲೆಲ್ಲ ಆರೋಗ್ಯಣ್ಣನ ತಲೆ ತಾನಾಗಿ ಗೋಡೆಯ ಕಡೆ ತಿರುಗುತ್ತಿತ್ತು. ಮಾತಿನ ಮಧ್ಯೆ ತಡೆಯುತ್ತಿದ್ದರು. ಏನಣ್ಣ ಎಂದು ಕೇಳಿದರೆ “ಏನಿಲ್ಲ, ಆ ಕಡೆ ಕೆಮ್ಮು ಜಾಸ್ತಿಯಾಗಿದೆ,” ಎನ್ನುತ್ತಿದ್ದರು. ಹೋಗಿ ನೋಡಿಕೊಂಡು ಬನ್ನಿ ಎಂದರೆ “ಏನಂತ ಹೋಗ್ಲಿ ಸಾರ್?” ಎನ್ನುತ್ತಿದ್ದರು.

ಜುಲೈಯಲ್ಲಿ ಮೋಡ ಕವಿಯಿತು. ಮೂರನೆಯ ದಿನ ನನಗೆ ರಜೆಯಿತ್ತು, ಬ್ಯಾಟರಿ ಹೇಗಿದೆ ನೋಡೋಣವೆಂದು ಬೆಳಿಗ್ಗೆಯೇ ಇಳಿದು ಹೋದೆ. ಲೇತ್ ಓಡುತ್ತಿತ್ತು, ಅದರಲ್ಲಿ ಕೆಲಸದ ತುಂಡು ಯಾವುದೂ ಇರಲಿಲ್ಲ. ಗ್ರೈಂಡರ್ ಓಡುತ್ತಿತ್ತು. ಹಗಲಲ್ಲಿ ಬಲ್ಬುಗಳೆಲ್ಲ ಉರಿಯುತ್ತಿದ್ದವು. ಆರೋಗ್ಯಣ್ಣ ಬ್ಯಾಟರಿಯ ಮೀಟರಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದರು, ಕೈಯಲ್ಲಿ ಸ್ಪಾನರು.

“ಇದೇನಣ್ಣ?”

“ಟೆಸ್ಟ್ ಮಾಡ್ತಾ ಇದೀನಿ ಸಾರ್. ಯಾವಾಗ ಸಾಲ್ದೆ ಬರುತ್ತೆ ಅಂತ.”

“ಸಾಲ್ದೆ ಬರಲ್ಲ ಬಿಡಿ,” ಎಂದೆ ನಾನು, ಮೂರ್ಖನ ಹಾಗೆ ಬೀಗಿಕೊಂಡು. ಅವರು ನನ್ನನ್ನು ಒಮ್ಮೆ ನೋಡಿ, ಸ್ಪಾನರನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ಮತ್ತೆ ಮೀಟರಿನ ಕಡೆ ತಿರುಗಿದರು.

ಆ ತಿಂಗಳ ಕೊನೆಗೆ ನಾನು ಬಾಣಸವಾಡಿಗೆ ಮನೆ ಬದಲಿಸಿದೆ. ಬರುತ್ತಿರುತ್ತೇನೆ ಎಂದು ಹೇಳಿ ಬಂದವನು ಹೋಗಲಿಲ್ಲ. ಡಿಸೆಂಬರಿನಲ್ಲಿ ಹಳೆಯ ಮನೆಯ ಓನರ್ ಫೋನ್ ಮಾಡಿ, ಆರೋಗ್ಯಣ್ಣ ಎದೆನೋವು ಬಂದು ಹೋಗಿಬಿಟ್ಟರು, ಮಣ್ಣಾಗಿ ಮೂರು ದಿನವಾಯಿತು ಎಂದರು.

ಹೋದಾಗ ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ಮುದುಕರೊಬ್ಬರು ಇನ್ವರ್ಟರಿನ ಹಸಿರು ದೀಪವನ್ನೇ ನೋಡುತ್ತ ಕೂತಿದ್ದರು. ಅಷ್ಟು ಹತ್ತಿರದಿಂದ ಅವರನ್ನು ಎಂದೂ ಕಂಡಿರಲಿಲ್ಲ, ಬಾಯಿ ತೆರೆದ ಮೇಲೆ ಗೋಡೆಯಾಚೆಯ ಆ ದಪ್ಪ ದನಿಯ ಗುರುತು ಸಿಕ್ಕಿತು.

“ಇದನ್ನ ಪ್ಲಾನ್ ಮಾಡಿದ್ದು ನೀವೇನಾ?”

ಹೌದೆಂದೆ.

“ಟ್ಯಾಂಕ್ ಸರಿಸ್ಕೊಟ್ಟೆ. ಆದ್ರೂ ಮಳೆಗಾಲಕ್ಕೆ ಸಾಲಲ್ಲ, ತಂಬಿ ಬಂದು ತಟ್ತಾನೆ ಅಂತ ಗೋಡೆ ಪಕ್ಕಾನೇ ಕುರ್ಚಿ ಹಾಕ್ಕೊಂಡು ಕೂತಿದ್ದೆ. ಬರ್ಲೇ ಇಲ್ಲ ನೋಡಿ. ತುಂಬಾ ಚೆನ್ನಾಗಿ ಮಾಡಿದ್ದೀರಾ ಸಾರ್.”

ಅದರಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುವುದು ಸುಲಭವಿತ್ತು. ಸುಮ್ಮನಿರಲಾಗದೆ ಆ ಜುಲೈ ದಿನದ ವಿಷಯವನ್ನೆಲ್ಲ ಹೇಳಿಬಿಟ್ಟೆ: ಖಾಲಿ ಲೇತ್ ಓಡಿಸಿದ್ದು, ಬಲ್ಬು ಉರಿಸಿದ್ದು, ಬ್ಯಾಟರಿ ಮುಗಿಯಲಿ ಎಂದು ಅವರ ತಮ್ಮ ಸ್ಪಾನರು ಹಿಡಿದು ಕಾದದ್ದು. ಚಿನ್ನಪ್ಪನವರು ಬಾಗಿ ಕೇಳಿಸಿಕೊಂಡರು.

“ಆಮೇಲೆ?”

“ಆಮೇಲೆ ಬಿಸಿಲು ಬಂತು,” ಎಂದೆ.