ಹಸಿರು ದಾರ ಎಳೆದದ್ದು

ಹಳೆಯ ಟ್ರಂಕು ಖಾಲಿ ಮಾಡುವಾಗ ಹಸಿರು ಉಣ್ಣೆ ದಾರದ ಉಂಡೆಯೊಂದು ಸಿಕ್ಕಿತು. ನುಸಿಗುಳಿಗೆಯ ವಾಸನೆಯ ಜೊತೆಗೆ ಗ್ರೀಸಿನ ವಾಸನೆಯೂ ಇತ್ತೋ, ನನಗೇ ಹಾಗನ್ನಿಸಿತೋ... ನಮ್ಮ ಹೆಡ್‌ಕ್ಲಾರ್ಕ್ ನೆನಪಾದರು.

ಐವತ್ತರ ದಶಕದಲ್ಲಿ ನಾನು ಗೋರೆಗಾಂವಿನ ಒಂದು ಪಂಪ್ ಕಾರ್ಖಾನೆಯಲ್ಲಿ ಟೈಪಿಸ್ಟ್ ಆಗಿದ್ದೆ. ವಿಲೆ ಪಾರ್ಲೆಯಿಂದ ಲೋಕಲ್ ರೈಲಿನಲ್ಲಿ ಹೋಗಿಬರುತ್ತಿದ್ದೆ. ಹೆಡ್‌ಕ್ಲಾರ್ಕ್ ಧಾರವಾಡದ ಕಡೆಯವರು. ಆಫೀಸಿನ ಗೋಡೆಗೆ ಒಂದು ದೊಡ್ಡ ಹಲಗೆ ಹೊಡೆಸಿದ್ದರು. ಆರ್ಡರಿಗೊಂದು ಸಾಲು, ವಾರಕ್ಕೊಂದು ಮೊಳೆ. ಕೆಲಸ ಎಲ್ಲಿಯವರೆಗೆ ಆಗಬೇಕಿತ್ತು ಎನ್ನುವುದಕ್ಕೆ ಕೆಂಪು ದಾರ, ನಿಜವಾಗಿ ಎಲ್ಲಿಗೆ ಬಂದಿದೆ ಎನ್ನುವುದಕ್ಕೆ ಹಸಿರು. ದಿನವೂ ಊಟವಾದ ಮೇಲೆ ವರ್ಕ್‌ಶಾಪ್ ಸುತ್ತಿ, ಕಣ್ಣಾರೆ ನೋಡಿ ಬಂದು, ಆಮೇಲೆಯೇ ಹಸಿರು ದಾರ ಎಳೆಯುತ್ತಿದ್ದರು. ಫೋರ್‌ಮನ್ ಕಳಿಸಿದ ಚೀಟಿ ನಂಬಿ ಎಳೆದದ್ದನ್ನು ನಾನು ಕಂಡಿಲ್ಲ.

ಆಗ ಒಂದು ಆಸ್ಪತ್ರೆಗೆ ನೀರಿನ ಪಂಪು ತಯಾರಾಗುತ್ತಿತ್ತು. ಎರಕದ ಭಾಗ ಬಿರುಕುಬಿಟ್ಟು ಹಸಿರು ದಾರ ಅರ್ಧದಲ್ಲೇ ನಿಂತಿತು. ಆಸ್ಪತ್ರೆಯವರು ನೋಡಲು ಬರುವವರಿದ್ದರು. ದಾರವನ್ನು ಕೊನೆಯ ಮೊಳೆಗೆ ಒಯ್ಯಿರಿ ಎಂದು ಮ್ಯಾನೇಜರ್ ಹೇಳಿದಾಗ ಹೆಡ್‌ಕ್ಲಾರ್ಕ್ ಒಪ್ಪಲಿಲ್ಲ. ಅವರು ವರ್ಕ್‌ಶಾಪಿಗೆ ಹೋದ ಹೊತ್ತು ನೋಡಿ ಮ್ಯಾನೇಜರ್ ಆ ಕೆಲಸವನ್ನು ನನಗೆ ಹೇಳಿದರು. ನೌಕರಿಗೆ ಸೇರಿ ನಾಲ್ಕೇ ತಿಂಗಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಸ್ಟೂಲ್ ಹತ್ತಿ ಎಳೆದುಬಿಟ್ಟೆ.

ಬಂದ ಹಿರಿಯ ಡಾಕ್ಟರು ಹಲಗೆ ನೋಡಿ ಸಂತೋಷಪಟ್ಟರು. ಹಾಗಾದರೆ ಸೋಮವಾರವೇ ಹಳೆಯ ಪಂಪು ಬಿಚ್ಚಿಸುತ್ತೇವೆ ಎಂದರು. ಬಾಗಿಲ ಬಳಿ ನಿಂತಿದ್ದ ಹೆಡ್‌ಕ್ಲಾರ್ಕ್ ಮುಂದೆ ಬಂದರು. ಬಿಚ್ಚಿಸಬೇಡಿ, ಇನ್ನೂ ಮೂರು ವಾರ ಬೇಕು ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿ, ಎಲ್ಲರೆದುರೇ ದಾರವನ್ನು ಮೊದಲಿದ್ದ ಮೊಳೆಗೇ ಕಟ್ಟಿದರು.

ಆಸ್ಪತ್ರೆಯವರು ಹಳೆಯ ಪಂಪನ್ನೇ ಓಡಿಸುತ್ತ ಕಾದರು, ಆರ್ಡರ್ ಉಳಿಯಿತು. ಆದರೂ ಮುಂದಿನ ವಾರ ಮ್ಯಾನೇಜರ್ ಹೆಡ್‌ಕ್ಲಾರ್ಕರನ್ನು ಹಿಂಬದಿಯ ಗೋದಾಮಿಗೆ ಹಾಕಿದರು. ಹಲಗೆ ನನ್ನ ಪಾಲಿಗೆ ಬಂತು. ದಾರ ಎಳೆದವರು ಯಾರೆಂದು ಹೆಡ್‌ಕ್ಲಾರ್ಕ್ ಯಾರನ್ನೂ ಕೇಳಿರಲಿಲ್ಲ. ಹೋಗುವ ಮುನ್ನ ಉಂಡೆಗಳನ್ನು ನನ್ನ ಮೇಜಿನ ಮೇಲಿಟ್ಟರು.

"ಆ ಸ್ಟೂಲಿಂದು ಒಂದು ಕಾಲು ಅಳ್ಳಾಡತದ, ನೋಡವಾ. ಇನ್ನೊಮ್ಮೆ ಹತ್ತೂ ಮುಂದ ಗ್ವಾಡಿ ಹಿಡಕೊಂಡು ಹತ್ತು," ಎಂದರು.

ಅವರಿಗೆ ಎಲ್ಲ ಗೊತ್ತಿದೆ ಎಂದು ಆಗ ತಿಳಿಯಿತು. ಹೂಂ ಎಂದೆ, ಅಷ್ಟೇ.

ಮರುದಿನದಿಂದ ಊಟವಾದ ಮೇಲೆ ವರ್ಕ್‌ಶಾಪಿಗೆ ನಾನೇ ಹೋಗತೊಡಗಿದೆ. ಸೀರೆ ಉಟ್ಟವಳು ಮಶೀನುಗಳ ನಡುವೆ ಓಡಾಡುವುದು ಕಂಡು ಫಿಟ್ಟರುಗಳು ಮೊದಮೊದಲು ನಕ್ಕರು. ಆಮೇಲೆ ನಗುವುದನ್ನು ಬಿಟ್ಟರು.

ಹೆಡ್‌ಕ್ಲಾರ್ಕ್ ವರ್ಷದೊಳಗೆ ನೌಕರಿ ಬಿಟ್ಟರು. ಎಷ್ಟೋ ಕಾಲದ ಮೇಲೆ ಒಮ್ಮೆ ದಾದರ್ ಸ್ಟೇಷನ್ನಿನಲ್ಲಿ, ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಕಂಡರು. ಬ್ರಿಜ್ ಹತ್ತಿ ಹೋಗಿ ಮಾತಾಡುವಷ್ಟು ಹೊತ್ತಿತ್ತು. ನನ್ನ ಗಾಡಿ ಬಂತು, ಹತ್ತಿದೆ...

ಅವರು ತೀರಿಕೊಂಡು ಬಹಳ ವರ್ಷಗಳಾದವು ಎಂದು ಆಮೇಲೆ ಯಾರೋ ಹೇಳಿದರು. ಅಂದು ಆಫೀಸಿನಲ್ಲಿದ್ದವರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ ಇರಬೇಕು. ದಾರ ಎಳೆದದ್ದು ನಾನು ಎಂದು ಬಾಯಿಬಿಟ್ಟು ಹೇಳುತ್ತಿರುವುದು ಇದೇ ಮೊದಲು.