ರಾಮವ್ವನ ಉಲ್ಟಾ ಮಾತು

ಅಥಣಿ ಸೀಮೆಯ ಒಂದು ಒಣದ್ರಾಕ್ಷಿ ಶೆಡ್ಡಿನಲ್ಲಿ ರಾಮವ್ವ ಹೆಣ್ಣಾಳುಗಳ ಮುಂದಾಳು. ಅವಳ ಮೇಲೆ ಶೆಡ್ಡು ನೋಡಿಕೊಳ್ಳುವ ಸಾಹೇಬ ಅಮೋಲ. ಮಾಲಕ ವಿರುಪಾಕ್ಷಪ್ಪನವರ ತಂಗಿಯ ಮಗ ಎಂಬುದೇ ಅವನ ಅರ್ಹತೆ. ಬೇರೆ ಅರ್ಹತೆಯನ್ನು ಯಾರೂ ಕೇಳಿರಲಿಲ್ಲ, ಅವನೂ ತೋರಿಸಿರಲಿಲ್ಲ.

ಆಳು ಹೇಳಿದ್ದಕ್ಕೆ ಹೂಂ ಅಂದರೆ ಸಾಹೇಬನ ಮರ್ಯಾದೆ ಹೋಗುತ್ತದೆಂದು ಅಮೋಲನ ತಿಳುವಳಿಕೆ. ಮೊದಲ ವರ್ಷ ರಾಮವ್ವ ಮೋಡ ನೋಡಿ, "ಸಾಹೇಬ್ರ, ಪರದೆ ಇಳಸೂಣ್ರಿ" ಎಂದಳು.

"ಬ್ಯಾಡ, ಗಾಳಿ ಆಡ್ಲಿ" ಎಂದ ಅಮೋಲ.

ಗಾಳಿ ಆಡಿತು, ಅದರ ಹಿಂದೆಯೇ ಮಳೆಯೂ ಬಂತು. ಒಣಗಲು ಹಾಕಿದ್ದ ದ್ರಾಕ್ಷಿ ಕಪ್ಪಾಯಿತು. ಬೈಗುಳ ಮಾತ್ರ ತಪ್ಪದೆ ಹೆಣ್ಣಾಳುಗಳ ಪಾಲಿಗೆ ಬಂತು.

ಮರುವರ್ಷದಿಂದ ರಾಮವ್ವ ಉಲ್ಟಾ ಹೇಳತೊಡಗಿದಳು. "ಪರದೆ ಇರ್ಲಿ ಬಿಡ್ರಿ" ಎಂದರೆ, "ಇಳಸ್ರಿ ಲಗೂನ!" ಎಂದು ಅಮೋಲ ಕೂಗುತ್ತಿದ್ದ. "ಇವತ್ತ ಚಹಾ ಬ್ಯಾಡ್ರಿ" ಎಂದರೆ ಚಹಾ ಬರುತ್ತಿತ್ತು, ಭಜಿ ಸಮೇತ. ಶೆಡ್ಡು ಸುಸೂತ್ರವಾಗಿ ನಡೆಯಿತು. ಆದರೆ ನಾಲಿಗೆಗೆ ಅದೇ ರೂಢಿಯಾಯಿತು. ಮನೆಯಲ್ಲಿ ಗಂಡ ಕಾಡಸಿದ್ದನಿಗೂ, "ಇವತ್ತ ಕುರಿ ಮೇಸಾಕ ಹೋಗಬ್ಯಾಡ" ಎಂದುಬಿಡುತ್ತಿದ್ದಳು. ಆ ಪುಣ್ಯಾತ್ಮ ಹೆಂಡತಿಯ ಮಾತು ಕೇಳಿ ಹಾಯಾಗಿ ಮಲಗುತ್ತಿದ್ದ.

ಈ ಸಲದ ಹಂಗಾಮಿನಲ್ಲಿ ವಿರುಪಾಕ್ಷಪ್ಪನವರೇ ಶೆಡ್ಡಿಗೆ ಬಂದರು. ಅಳಿಯನ ಮೇಲೆ ಅವರಿಗೂ ಸಂಶಯ ಹುಟ್ಟಿತ್ತು. ಅಮೋಲ ಎಲ್ಲಿಗಾದರೂ ತೊಲಗಿದರೆ ಬೀರದೇವರಿಗೆ ಅರಿಶಿನದ ಭಂಡಾರ ಹಾರಿಸುತ್ತೇನೆಂದು ರಾಮವ್ವ ಹರಕೆ ಹೊತ್ತು ವರ್ಷವಾಗಿತ್ತು.

"ಅಮೋಲ ಹ್ಯಾಂಗ ನಡಸ್ಯಾನ? ಖರೇ ಹೇಳವಾ" ಎಂದರು ವಿರುಪಾಕ್ಷಪ್ಪನವರು. "ನೀ ಬ್ಯಾಡಂದ್ರ ಅವನ್ನ ನಮ್ಮ ಚಿಕ್ಕೋಡಿ ಅಂಗಡಿಗೆ ಕಳಸ್ತೇನಿ."

ಹೆಂಗಸರೆಲ್ಲ ಕೆಲಸ ನಿಲ್ಲಿಸಿ ಕಿವಿಯಾದರು. ರಾಮವ್ವನ ಎದುರಿಗೆ ನಿಂತವರು ಮಾಲಕರು. ದೊಡ್ಡವರ ಮುಂದೆ ಉಲ್ಟಾ ಹೇಳುವುದಷ್ಟೇ ಅವಳ ಬಾಯಿಗೆ ಗೊತ್ತಿತ್ತು.

"ಅವ್ರ ಇಲ್ಲೇ ಇರಬೇಕ್ರಿ. ಅವ್ರಿಲ್ಲಂದ್ರ ಶೆಡ್ಡ ನಡಿಯೂದಿಲ್ರಿ."

ವಿರುಪಾಕ್ಷಪ್ಪನವರು ತಲೆಯಾಡಿಸಿದರು. "ಆತು ಬಿಡವಾ. ದುಡಿಯಾಕಿ ನೀ, ನಿನ್ನ ಮಾತ ನಾ ಮೀರೂದಿಲ್ಲ. ಮುಂದ ಕಟ್ಟಸೂ ಹೊಸಾ ಶೆಡ್ಡೂ ಅವನ ಕೈಯಾಗ ಕೊಡ್ತೇನಿ."

ಅವರ ಗಾಡಿ ಹೋಯಿತು. ಜೊತೆಗೆ ದುಡಿಯುವ ತುಳಸವ್ವ, "ಏನ್ ಮಾಡಿದಿ ಬೇ?" ಎಂದಳು. ರಾಮವ್ವ ಅಲ್ಲೇ ಕುಸಿದು ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ನಂಬಿದ ಮಾಲಕರು ಜನ್ಮದಲ್ಲಿ ಇವರೊಬ್ಬರೇ ಸಿಕ್ಕಿದ್ದರು.